ಬೀಜಗಣಿತದಲ್ಲಿ ಹಿಂದೆ ಬಿದ್ದ ಬಾಲಿಕೆಗೆ ನೆರವು

ವರ್ಷಕ್ಕೆ ಎರಡು ಸಾರಿ ಪೋಷಕರು ಅಂಕಪಟ್ಟಿಯನ್ನು ನೋಡಲು ಶಾಲೆಗೆ ಬರುವ ದಿನಗಳಲ್ಲಿ ನನ್ನ ಕಿವಿಗೆ ತಪ್ಪದೆ ಬೀಳುವ ಮಾತೊಂದುಂಟು: “ಬ್ಯಾರೆ ಎಲ್ಲಾ ಛಲೋ ಅದರಿ, ಲೆಕ್ಕ ಒಂದೇ ಈಕಿ ತಲ್ಯಾಗ ಹೋಗಂಗಿಲ್ರಿ.” ಕೇಳುವದಕ್ಕೆ ಇದು ಸಣ್ಣ ಮಾತು. ಆದರೆ ನಮ್ಮ ಭಾಗದಲ್ಲಿ ಈ ಮಾತಿನ ಬೆನ್ನಿಗೆ ಮತ್ತೊಂದು ಮಾತು ಬರುವದನ್ನು ನಾನು ಬಲ್ಲೆನು. ಮಗನಿಗೆ ಲೆಕ್ಕ ಬಾರದಿದ್ದರೆ ಸಂಜೆಯ ಹೊತ್ತು ಟ್ಯೂಶನ್ನಿಗೆ ಕಳುಹಿಸುವರು; ಮಗಳಿಗೆ ಅಷ್ಟೇ ಲೆಕ್ಕ ಬಾರದಿದ್ದರೆ ಅವಳನ್ನು ಶಾಲೆಯಿಂದಲೇ ಬಿಡಿಸುವ ವಿಚಾರವು ಮನೆಯಲ್ಲಿ ಹುಟ್ಟುವದು. ಎಂಟನೆಯ ಮತ್ತು ಒಂಬತ್ತನೆಯ ತರಗತಿಗಳಲ್ಲಿ ಹೀಗೆ ನಮ್ಮ ಕೈತಪ್ಪಿ ಹೋದ ಹುಡುಗಿಯರಲ್ಲಿ ಬುದ್ಧಿ ಮಂದವಾಗಿದ್ದವರು ಬಹು ವಿರಳ. ಅವರಲ್ಲಿ ಹೆಚ್ಚಿನವರು ಎಡವಿದ ಕಲ್ಲು ಒಂದೇ, ಮತ್ತು ಆ ಕಲ್ಲನ್ನು ಎತ್ತಿಡಲು ಮನೆಯವರಿಂದಲೂ ಸಾಧ್ಯವಿತ್ತು.

ಆದಕಾರಣ ಈ ಸ್ಮರಣ ಸಂಚಿಕೆಗಾಗಿ ನಾನು ಶಾಲೆಯ ಏಳಿಗೆಯ ವೃತ್ತಾಂತವನ್ನು ಬರೆಯದೆ ಒಂದೇ ಒಂದು ಪಾಠವನ್ನು ಎತ್ತಿಕೊಂಡಿದ್ದೇನೆ. ಅದು ಏಳನೆಯ ತರಗತಿಯ ಪುಸ್ತಕದಲ್ಲಿ ಸರಳ ಸಮೀಕರಣವೆಂದೂ ಎಂಟನೆಯದರಲ್ಲಿ ರೇಖಾತ್ಮಕ ಸಮೀಕರಣವೆಂದೂ ಬರುವ ಪಾಠ. ಹತ್ತನೆಯ ತರಗತಿಯ ವರ್ಗ ಸಮೀಕರಣವಾಗಲಿ, ವಿಜ್ಞಾನದಲ್ಲಿ ವೇಗ, ವಿದ್ಯುತ್ತು ಮುಂತಾದವುಗಳ ಸೂತ್ರಗಳಾಗಲಿ ಈ ಪಾಠದ ಬಾಗಿಲನ್ನು ದಾಟದೆ ಯಾರಿಗೂ ದೊರೆಯವು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರು; ಕೆಲವರು ಶಿಕ್ಷಕಿಯರು, ದಾದಿಯರು. ಬೀಜಗಣಿತವನ್ನು ಮರೆತುಬಿಟ್ಟೆವೆಂದು ಅವರು ಸಂಕೋಚಪಡಬೇಕಾಗಿಲ್ಲ. ತಕ್ಕಡಿಯನ್ನು ನೋಡಿದವರಿಗೆ ಮತ್ತು ಸಾಲವೆಂದರೇನೆಂದು ತಿಳಿದವರಿಗೆ ಈ ಪಾಠವು ಮುಕ್ಕಾಲು ಪಾಲು ಬಂದೇ ಇದೆ.

ಮೊದಲು ಅಕ್ಷರದ ವಿಷಯ. ಈಗಿನ ಪುಸ್ತಕಗಳಲ್ಲಿ ತಿಳಿಯದ ಸಂಖ್ಯೆಗೆ ಎಕ್ಸ್ ಎಂಬ ಇಂಗ್ಲಿಷ್ ಅಕ್ಷರವನ್ನು ಇಟ್ಟು ಅದನ್ನು ಚರಾಕ್ಷರವೆಂದು ಕರೆಯುತ್ತಾರೆ. ನಮ್ಮ ದೇಶದ ಪೂರ್ವಿಕ ಗಣಿತಜ್ಞರು ಅದಕ್ಕೆ ‘ಯಾವತ್ತಾವತ್’ ಎಂದರು. ಎಂದರೆ ‘ಎಷ್ಟೋ ಅಷ್ಟು’. ಅದನ್ನು ಮೊಟಕುಮಾಡಿ ‘ಯಾ’ ಎಂದು ಬರೆದರು. ಎರಡನೆಯ, ಮೂರನೆಯ ಅಜ್ಞಾತಗಳು ಬಂದಾಗ ಕಪ್ಪು, ನೀಲಿ, ಹಳದಿ ಎಂದು ಬಣ್ಣಗಳ ಹೆಸರಿಟ್ಟರು. ‘ಎಷ್ಟೋ ಅಷ್ಟು’ ಎಂಬ ಹೆಸರಿನಲ್ಲಿಯೇ ಪಾಠದ ತಿರುಳಿರುವದರಿಂದ ನಾನು ಈ ಲೇಖನದಲ್ಲಿ ‘ಯಾ’ ಎಂದೇ ಬರೆಯುವೆನು. ೩ಯಾ ಎಂದರೆ ಎಷ್ಟೋ ಅಷ್ಟರ ಮೂರು ಪಟ್ಟು ಎಂದು ಓದಿಕೊಳ್ಳತಕ್ಕದ್ದು.

ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯ ವಿಷಯವನ್ನು ಹೇಳುವೆನು. ಅವಳ ತಾಯಿ ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳು. ರಜೆಯ ದಿನ ತಾಯಿಯ ಪಕ್ಕದಲ್ಲಿ ಕುಳಿತು ಮುಕ್ಕಾಲು ಕಿಲೋ ಬದನೆಕಾಯಿಗೆ ಎಷ್ಟಾಯಿತು, ಐನೂರರ ನೋಟಿಗೆ ಎಷ್ಟು ತಿರುಗಿ ಕೊಡಬೇಕು ಎಂಬದನ್ನು ಈ ಹುಡುಗಿಯು ಬೆರಳು ಮಡಿಸದೆ ಹೇಳಬಲ್ಲಳು. ಅಂಥವಳ ನೋಟುಪುಸ್ತಕದಲ್ಲಿ ೩ಯಾ + ೫ = ೨೦ ಎಂಬ ಲೆಕ್ಕದ ಕೆಳಗೆ ೩ಯಾ = ೨೫ ಎಂದು ಬರೆದಿತ್ತು. ಮುಂದಿನ ಲೆಕ್ಕದಲ್ಲಿ ಐದರ ಬದಲು ನಾಲ್ಕು ಇತ್ತು. ಅಲ್ಲಿ ಅವಳು ಕಳೆದಿದ್ದಳು, ಉತ್ತರವು ಸರಿಯಾಗಿತ್ತು. ಅದರ ಮುಂದಿನದರಲ್ಲಿ ಮತ್ತೆ ಕೂಡಿಸಿದ್ದಳು. ಏಕೆಂದು ಕೇಳಿದ್ದಕ್ಕೆ, “ಆ ಕಡೆ ಹೋದ್ರ ಚಿಹ್ನೆ ಬದಲಾಗ್ತದಂತ ಹೇಳ್ತಾರ್ರಿ ಟೀಚರ್, ಆದ್ರ ಯಾವಾಗ ಬದಲಾಗ್ತದ, ಯಾವಾಗ ಇಲ್ಲ ಅಂತ ನನಗ ನೆನಪೇ ಇರಂಗಿಲ್ರಿ” ಎಂದಳು.

ಈ ಉತ್ತರದಲ್ಲಿ ರೋಗದ ಮೂಲವು ಸ್ಪಷ್ಟವಾಗಿದೆ. ಅವಳಿಗೆ ಸಮೀಕರಣವು ನೆನಪಿಡತಕ್ಕ ಒಂದು ಆಚಾರವಾಗಿತ್ತು. ನಿಜ ಸುಳ್ಳು ನೋಡತಕ್ಕ ಒಂದು ಹೇಳಿಕೆಯಾಗಿರಲಿಲ್ಲ.

ಇಂಥ ಮಗುವನ್ನು ಪರೀಕ್ಷಿಸಲು ಒಂದು ಸಣ್ಣ ಉಪಾಯವುಂಟು. ಅಕ್ಷರವೇ ಇಲ್ಲದ ಒಂದು ಲೆಕ್ಕವನ್ನು ಕೊಡಿರಿ:

೮ + ೪ = ☐ + ೫

ಚೌಕದಲ್ಲಿ ಏನು ಬರೆಯಬೇಕೆಂದು ಕೇಳಿದರೆ ಅನೇಕ ಮಕ್ಕಳು ೧೨ ಎನ್ನುವರು. ಕೆಲವರು ಎಲ್ಲವನ್ನೂ ಕೂಡಿಸಿ ೧೭ ಎನ್ನುವರು. ಸರಿಯಾದದ್ದು ೭. ಇದು ನಮ್ಮ ಊರಿನ ಮಕ್ಕಳ ಕೊರತೆಯೆಂದು ಯಾರೂ ತಿಳಿಯಬಾರದು. ಬೇರೆ ಬೇರೆ ದೇಶಗಳಲ್ಲಿ ಶಿಕ್ಷಣವನ್ನು ಅಭ್ಯಾಸಮಾಡಿದವರು ಇದೇ ತಪ್ಪನ್ನು ಕಂಡಿದ್ದಾರೆ. ಒಂದನೆಯ ತರಗತಿಯಿಂದ ಮಗುವು ೮ + ೪ = ಎಂಬದನ್ನು ನೋಡಿದಾಗಲೆಲ್ಲಾ ಆ ಎರಡು ಗೀಟುಗಳ ಮುಂದೆ ಉತ್ತರವನ್ನು ಬರೆದಿದೆ. ಆದಕಾರಣ ಆ ಗೀಟುಗಳು ಅವಳಿಗೆ ‘ಈಗ ಉತ್ತರ ಬರೆ’ ಎಂಬ ಅಪ್ಪಣೆಯಂತೆ ಕಾಣುತ್ತವೆ. ‘ಈ ಕಡೆಯದೂ ಆ ಕಡೆಯದೂ ಒಂದೇ ತೂಕ’ ಎಂಬ ಅರ್ಥವು ಅವಳಿಗೆ ಹೊಳೆದೇ ಇರುವದಿಲ್ಲ. ಈ ಚಿಹ್ನೆಯನ್ನು ಮೊದಲು ಅಚ್ಚಿನಲ್ಲಿ ತಂದವನು ರಾಬರ್ಟ್ ರೆಕಾರ್ಡ್ ಎಂಬ ವೇಲ್ಸ್ ದೇಶದ ವಿದ್ವಾಂಸನು, ೧೫೫೭ರಲ್ಲಿ. ಒಂದೇ ಉದ್ದದ ಎರಡು ಸಮಾಂತರ ಗೀಟುಗಳಿಗಿಂತ ಹೆಚ್ಚು ಸಮವಾದ ವಸ್ತುಗಳು ಬೇರೆ ಇಲ್ಲವೆಂಬದೇ ಅವನು ಕೊಟ್ಟ ಕಾರಣ. ಹುಡುಗಿಗೆ ಈ ಸಂಗತಿಯನ್ನು ಹೇಳಿದರೆ ಅವಳು ಆ ಗೀಟುಗಳನ್ನು ಬೇರೆ ಕಣ್ಣಿನಿಂದ ನೋಡುವಳು. ಒಂದು ವಾರ ಇಂಥ ಚೌಕದ ಲೆಕ್ಕಗಳನ್ನೇ ಕೊಟ್ಟು, ೧೨ = ೭ + ೫ ಎಂದು ಹಿಂದುಮುಂದಾಗಿಯೂ ಬರೆಯಿಸಿ, ‘ಇದು ನಿಜವೋ ಸುಳ್ಳೋ’ ಎಂದು ಕೇಳುತ್ತಾ ಬಂದರೆ ಸಾಕು. ಆ ವಾರವು ವ್ಯರ್ಥವಾಯಿತೆಂದು ಯಾರೂ ಅವಸರಪಡಬಾರದು.

ಆಮೇಲೆ ತಕ್ಕಡಿಯು ಬರತಕ್ಕದ್ದು. ನೂಲು ಕಟ್ಟಿದ ಎರಡು ತಟ್ಟೆಗಳ ತಕ್ಕಡಿಯನ್ನು ನಮ್ಮ ಹುಡುಗಿಯರು ಕಂಡೇ ಇದ್ದಾರೆ. ಒಂದು ತಟ್ಟೆಯಲ್ಲಿ ಒಂದೇ ತೂಕದ ಮೂರು ಚಿಕ್ಕ ಗಂಟುಗಳೂ ಐದು ಒಂದು ಕಿಲೋದ ಕಲ್ಲುಗಳೂ ಇವೆ. ಇನ್ನೊಂದರಲ್ಲಿ ಇಪ್ಪತ್ತು ಅಂಥ ಕಲ್ಲುಗಳಿವೆ. ಮುಳ್ಳು ನೆಟ್ಟಗೆ ನಿಂತಿದೆ. ಗಂಟನ್ನು ಬಿಚ್ಚದೆ ಅದರ ತೂಕವನ್ನು ಹೇಳಬೇಕು. ಏನು ಮಾಡುವಿ ಎಂದು ಕೇಳಿ ಸುಮ್ಮನೆ ಕುಳಿತುಕೊಳ್ಳಿರಿ. ನಿಯಮವನ್ನು ಹೇಳಬೇಡಿರಿ. ಕಾಯಿಪಲ್ಲೆ ಮಾರುವವಳ ಮಗಳು ತಾನಾಗಿಯೇ ಹೇಳುವಳು: “ಈ ಕಡಿಂದ ಐದು ಕಲ್ಲು ತಗೀಬೇಕು, ಆ ಕಡಿಂದನೂ ಐದು ತಗೀಬೇಕು.” ಅವಳು ಹೇಳಿದ್ದನ್ನೇ ಕಾಗದದ ಮೇಲೆ ಬರೆದು ತೋರಿಸಬೇಕು:

೩ಯಾ + ೫ = ೨೦
೩ಯಾ + ೫ − ೫ = ೨೦ − ೫
೩ಯಾ = ೧೫
೩ಯಾ ÷ ೩ = ೧೫ ÷ ೩
ಯಾ = ೫

ಎರಡನೆಯ ಸಾಲನ್ನೂ ನಾಲ್ಕನೆಯ ಸಾಲನ್ನೂ ಬಿಡಿಸದೆ ಬರೆಯಿಸುವದರಲ್ಲಿಯೇ ಎಲ್ಲ ಗುಟ್ಟಿದೆ. ಐದು ಆ ಕಡೆಗೆ ‘ಹೋಗುವದೂ’ ಇಲ್ಲ, ದಾರಿಯಲ್ಲಿ ವೇಷ ‘ಬದಲಿಸುವದೂ’ ಇಲ್ಲ. ಎರಡೂ ತಟ್ಟೆಗಳಿಂದ ಐದನ್ನು ಇಳಿಸಿದ್ದರಿಂದ ಈ ಕಡೆಯಲ್ಲಿ ಅದು ಇಲ್ಲವಾಯಿತು, ಆ ಕಡೆಯಲ್ಲಿ ಅದರ ಕೊರತೆಯು ಕಂಡಿತು, ಇಷ್ಟೇ. ಪಕ್ಷಾಂತರದ ನಿಯಮವು ತಪ್ಪೆಂದು ನಾನು ಹೇಳುವದಿಲ್ಲ. ತಿಳಿದವರಿಗೆ ಅದು ಒಳ್ಳೆಯ ಅಡ್ಡದಾರಿ. ಆದರೆ ಊರಿನ ದಾರಿಯನ್ನೇ ಕಾಣದವರಿಗೆ ಅಡ್ಡದಾರಿಯನ್ನು ತೋರಿಸಿದರೆ ಅವರು ಹೊಲದಲ್ಲಿ ತಿರುಗುವರು. ಎರಡು ವಾರ ಉದ್ದವಾಗಿ ಬರೆದ ಮೇಲೆ ಹುಡುಗಿಯೇ ಬೇಸತ್ತು, “ಈ ಸಾಲು ಬಿಟ್ಟು ಬರೀಲೇನ್ರಿ?” ಎಂದು ಕೇಳುವಳು. ಆಗ ಬಿಡಬಹುದು. ಪರೀಕ್ಷೆಗೆಂದು ಮಾರುವ ಗೈಡುಗಳಲ್ಲಿ ಮೊದಲ ಪುಟದಿಂದಲೇ ಆ ಸಾಲುಗಳನ್ನು ನುಂಗಿಬಿಟ್ಟಿರುತ್ತಾರೆ. ಹಿಂದೆ ಬಿದ್ದ ಮಗುವಿನ ಕೈಗೆ ಅವನ್ನು ಕೊಡದಿರುವದು ಒಳ್ಳೆಯದು.

ಇಲ್ಲಿ ನಮ್ಮ ಜಿಲ್ಲೆಯ ಹಿರಿಯರಿಗೆ ಪ್ರಿಯವಾಗಬಹುದಾದ ಒಂದು ವಿಷಯವನ್ನು ಹೇಳದೆ ಮುಂದೆ ಹೋಗಲಾರೆನು. ೧೯೪೮ರ ವರೆಗೆ ಬೀದರ ಪ್ರಾಂತವು ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿದ್ದಿತು; ನಮ್ಮ ಅಜ್ಜಂದಿರ ಕಾಲದಲ್ಲಿ ಪ್ರೌಢಶಾಲೆಯ ಬೋಧನೆಯು ಉರ್ದು ಭಾಷೆಯಲ್ಲಿ ನಡೆಯುತ್ತಿದ್ದಿತು. ಉರ್ದುವಿನಲ್ಲಿ ಬೀಜಗಣಿತಕ್ಕೆ ‘ಜಬ್ರ್ ಒ ಮುಕಾಬಲಾ’ ಎಂದು ಹೆಸರು. ಈ ಎರಡು ಶಬ್ದಗಳೂ ಕ್ರಿ. ಶ. ೮೨೦ರ ಸುಮಾರಿಗೆ ಬಾಗ್ದಾದಿನಲ್ಲಿ ಅಲ್ ಖ್ವಾರಿಜ್ಮಿ ಎಂಬ ಪಂಡಿತನು ಬರೆದ ಗ್ರಂಥದ ಹೆಸರಿನಿಂದ ಬಂದಿವೆ; ಇಂಗ್ಲಿಷಿನ ‘ಆಲ್ಜಿಬ್ರಾ’ ಎಂಬದೂ ಆ ‘ಅಲ್ ಜಬ್ರ್’ ಶಬ್ದವೇ. ಒಂದು ಕಡೆ ಕಳೆದದ್ದನ್ನು ಎರಡೂ ಕಡೆಗಳಲ್ಲಿ ಕೂಡಿಸಿ ಕೊರತೆಯನ್ನು ತುಂಬುವದು ಜಬ್ರ್. ಎರಡೂ ಕಡೆಗಳಲ್ಲಿರುವ ಸಮವಾದದ್ದನ್ನು ಎದುರುಬದುರಾಗಿ ಹಿಡಿದು ತೆಗೆದುಹಾಕುವದು ಮುಕಾಬಲಾ. ಮುರಿದ ಎಲುಬನ್ನು ಕೂಡಿಸಿ ಕಟ್ಟುವದಕ್ಕೂ ಅರಬ್ಬಿಯಲ್ಲಿ ಜಬ್ರ್ ಎಂದೇ ಹೇಳುವರು. ಹೀಗೆ ಹುಡುಗಿಯು ತಕ್ಕಡಿಯ ಮುಂದೆ ಕುಳಿತು ಮಾಡಿದ ಕೆಲಸವೇ ಈ ಶಾಸ್ತ್ರದ ಹೆಸರಾಗಿದೆ. ಮನೆಯಲ್ಲಿ ಉರ್ದು ಮಾತಾಡುವ ನಮ್ಮ ಹುಡುಗಿಯರಿಗೆ ಇದನ್ನು ಹೇಳಿದಾಗ ಅವರ ಮುಖದಲ್ಲಿ ಕಾಣುವ ಸಂತೋಷವನ್ನು ನೋಡಬೇಕು.

ತಕ್ಕಡಿಗೆ ಒಂದು ಮಿತಿಯುಂಟು. ಕಲ್ಲನ್ನು ಇಡಬಹುದು, ತೆಗೆಯಬಹುದು. ಆದರೆ ‘ಇಲ್ಲದ ನೂರು ಕಲ್ಲು’ಗಳನ್ನು ತಟ್ಟೆಯಲ್ಲಿ ಇಡುವದು ಹೇಗೆ? ಋಣಸಂಖ್ಯೆಯು ಬಂದೊಡನೆ ತಕ್ಕಡಿಯನ್ನು ಕೆಳಗಿಟ್ಟು ಸಾಲದ ಮಾತನ್ನು ಎತ್ತಿಕೊಳ್ಳಬೇಕು. ಹಾಗೆ ನೋಡಿದರೆ ‘ಋಣ’ವೆಂಬ ಹೆಸರೇ ಸಾಲ, ‘ಧನ’ವೆಂಬ ಹೆಸರೇ ಆಸ್ತಿ, ೬೨೮ರಲ್ಲಿ ಬ್ರಹ್ಮಗುಪ್ತನು ಕೂಡಿಸುವ ಕಳೆಯುವ ನಿಯಮಗಳನ್ನು ಈ ಎರಡು ಹೆಸರುಗಳಿಂದಲೇ ಹೇಳಿದನು. ನಾವು ದಿನಾಲು ಆ ಶಬ್ದಗಳನ್ನು ಉಚ್ಚರಿಸಿಯೂ ಅವುಗಳ ಅರ್ಥವನ್ನು ಮಕ್ಕಳಿಗೆ ಹೇಳದಿರುವದು ಆಶ್ಚರ್ಯವಲ್ಲವೇ?

ಇದಕ್ಕೆ ನನಗೆ ತಿಳಿದಂತೆ ಅತ್ಯುತ್ತಮ ಉದಾಹರಣೆಯು ಭಾಸ್ಕರಾಚಾರ್ಯನ ‘ಬೀಜಗಣಿತ’ದಲ್ಲಿದೆ. ಅವನು ೧೧೧೪ರಲ್ಲಿ ಹುಟ್ಟಿ ೧೧೫೦ರಲ್ಲಿ ತನ್ನ ಸಿದ್ಧಾಂತಶಿರೋಮಣಿಯನ್ನು ಮುಗಿಸಿದನು. ಆಗ ನಮ್ಮ ನೆರೆಯ ಕಲ್ಯಾಣದಲ್ಲಿ, ಎಂದರೆ ಈಗಿನ ಬಸವಕಲ್ಯಾಣದಲ್ಲಿ, ಚಾಲುಕ್ಯರ ಸಿಂಹಾಸನವು ಇನ್ನೂ ಉಳಿದಿತ್ತು. ಅವನ ಊರಾದ ವಿಜ್ಜಡವಿಡವು ನಮ್ಮ ವಿಜಾಪುರವೋ ಖಾನದೇಶದ ಪಾಟಣದ ಹತ್ತಿರದ್ದೋ ಎಂದು ವಿದ್ವಾಂಸರು ವಾದಿಸುತ್ತಾರೆ. ಆ ವಾದವು ನಮ್ಮ ಹುಡುಗಿಗೆ ಬೇಡ. ಅವನ ಲೆಕ್ಕವು ಹೀಗಿದೆ. ಒಬ್ಬನಲ್ಲಿ ಮುನ್ನೂರು ನಾಣ್ಯಗಳೂ ಆರು ಕುದುರೆಗಳೂ ಇವೆ. ಇನ್ನೊಬ್ಬನಲ್ಲಿ ಹತ್ತು ಕುದುರೆಗಳಿವೆ, ಆದರೆ ನೂರು ನಾಣ್ಯದ ಸಾಲವಿದೆ. ಕುದುರೆಗಳೆಲ್ಲಕ್ಕೂ ಒಂದೇ ಬೆಲೆ. ಇಬ್ಬರ ಐಶ್ವರ್ಯವೂ ಸಮ. ಹಾಗಾದರೆ ಒಂದು ಕುದುರೆಯ ಬೆಲೆ ಎಷ್ಟು?

ನಾನು ಇದನ್ನು ನಮ್ಮ ತರಗತಿಗಳಲ್ಲಿ ಕುದುರೆಯನ್ನು ಬಿಟ್ಟು ಆಡುಗಳ ಲೆಕ್ಕವಾಗಿ ಹೇಳುತ್ತೇನೆ. ಅಕ್ಷರ ಬಾರದ ಒಬ್ಬ ಅಜ್ಜಿಯು ಮೊಮ್ಮಗಳನ್ನು ಕರೆದೊಯ್ಯಲು ಬಂದವಳು ಬಾಗಿಲಲ್ಲಿ ನಿಂತು ಕೇಳಿ ಹೀಗೆ ಉತ್ತರ ಕೊಟ್ಟಳು: “ಅವನ ಹತ್ರ ನಾಕು ಆಡು ಹೆಚ್ಚ ಅವ, ನಾಕ್ನೂರು ರೂಪಾಯಿ ಕಡಿಮಿ ಅದ. ಅಂದ್ರ ನಾಕು ಆಡಿಗಿ ನಾಕ್ನೂರು. ನೂರು ರೂಪಾಯಿಗಿ ಈಗ ಆಡು ಯಾರು ಕೊಡ್ತಾರವ್ವಾ?” ತರಗತಿಯೆಲ್ಲಾ ನಕ್ಕಿತು. ಆದರೆ ಅಜ್ಜಿಯ ಮಾತಿನಲ್ಲಿದ್ದದ್ದೇ ಶಾಸ್ತ್ರ. ಅದನ್ನೇ ಬರೆದರೆ ಹೀಗಾಗುವದು:

೬ಯಾ + ೩೦೦ = ೧೦ಯಾ − ೧೦೦

ಸಾಲಗಾರನಿಗೆ ನೂರು ಕೊಟ್ಟು ಸಾಲವನ್ನು ತೀರಿಸೋಣ. ಸಮತೆಯು ಕೆಡದಂತೆ ಮೊದಲನೆಯವನಿಗೂ ನೂರು ಕೊಡೋಣ.

೬ಯಾ + ೪೦೦ = ೧೦ಯಾ

ಈಗ ಇಬ್ಬರಿಂದಲೂ ಆರಾರು ಕುದುರೆಗಳನ್ನು ಹೊರಗೆ ಕಟ್ಟೋಣ.

೪೦೦ = ೪ಯಾ
ಯಾ = ೧೦೦

ಮೊದಲನೆಯವನಲ್ಲಿ ೬೦೦ಕ್ಕೆ ೩೦೦ ಕೂಡಿ ೯೦೦. ಎರಡನೆಯವನಲ್ಲಿ ೧೦೦೦ದಿಂದ ೧೦೦ ಹೋಗಿ ೯೦೦. ‘ಋಣ ನೂರು ಇನ್ನೊಂದು ಕಡೆಗೆ ಹೋದರೆ ಧನವೇಕಾಗುವದು’ ಎಂಬ ಪ್ರಶ್ನೆಗೆ ಸಾಲ ತೀರಿಸಿದ ಕಥೆಗಿಂತ ಒಳ್ಳೆಯ ಉತ್ತರವು ನನಗೆ ದೊರೆತಿಲ್ಲ. ಸಾಲವೆಂಬದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಅಪರಿಚಿತವಾದ ಸಂಗತಿಯಲ್ಲ.

ಈ ಲೆಕ್ಕದಲ್ಲಿ ಇನ್ನೆರಡು ಸೂಕ್ಷ್ಮಗಳಿವೆ. ಕೊನೆಗೆ ಯಾ ಬಲಗಡೆಯಲ್ಲಿ ಉಳಿದದ್ದನ್ನು ಕಂಡು ಹಿಂದೆ ಬಿದ್ದ ಹುಡುಗಿಯರು ಹೆದರಿ ಎಲ್ಲವನ್ನೂ ಅಳಿಸಿಬಿಡುವರು. ತಟ್ಟೆಗಳನ್ನು ಅದಲುಬದಲು ಮಾಡಿದರೆ ತೂಕವು ಬದಲಾಗದೆಂದು ಅವರಿಗೆ ಹೇಳಬೇಕು. ಎರಡನೆಯದು ಇನ್ನೂ ಮುಖ್ಯ. ‘ಯಾ ಎಂದರೇನು’ ಎಂದು ಕೇಳಿರಿ. ಹತ್ತರಲ್ಲಿ ಏಳು ಮಂದಿ ‘ಕುದುರೆ’ ಎನ್ನುವರು. ಯಾ ಕುದುರೆಯಲ್ಲ, ಕುದುರೆಯ ಬೆಲೆ. ಅಕ್ಷರವು ಯಾವಾಗಲೂ ಒಂದು ಸಂಖ್ಯೆಗೆ ನಿಲ್ಲುವದು, ವಸ್ತುವಿಗಲ್ಲ. ‘ಎರಡು ಮಾವು, ಮೂರು ಬಾಳೆ’ ಎಂದು ಹೇಳಿ ಅಕ್ಷರಗಳನ್ನು ಕೂಡಿಸಲು ಕಲಿಸುವ ರೂಢಿಯು ಕೆಲವೆಡೆಗಳಲ್ಲಿ ಬಿದ್ದಿದೆ. ಅದು ಒಂದು ದಿನಕ್ಕೆ ಸುಲಭವಾಗಿ ಕಂಡರೂ ಮುಂದೆ ಎರಡು ಮಾವನ್ನು ಮೂರು ಬಾಳೆಯಿಂದ ಗುಣಿಸಬೇಕಾಗಿ ಬಂದಾಗ ಮಗುವು ಕಂಗೆಡುವದು. ಆದಕಾರಣ ಲೆಕ್ಕದ ಮೊದಲ ಸಾಲಿನಲ್ಲಿ ‘ಒಂದು ಕುದುರೆಯ ಬೆಲೆ ಯಾ ರೂಪಾಯಿ ಎಂದಿರಲಿ’ ಎಂದು ಪೂರ್ಣ ವಾಕ್ಯವನ್ನು ಬರೆಯಿಸಬೇಕು. ಇದರಲ್ಲಿ ಜಿಪುಣತನ ಸಲ್ಲದು.

ಆವರಣಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ೨(ಯಾ + ೩) ಎಂದರೆ ಎರಡು ಬುಟ್ಟಿಗಳು, ಪ್ರತಿಯೊಂದರಲ್ಲಿಯೂ ಎಷ್ಟೋ ಅಷ್ಟು ಹಣ್ಣುಗಳು ಮತ್ತು ಮೇಲೆ ಮೂರು ಹಣ್ಣುಗಳು. ಬುಟ್ಟಿಗಳನ್ನು ಬರಿದುಮಾಡಿದರೆ ಮೂರಲ್ಲ, ಆರು ಹಣ್ಣುಗಳು ಹೊರಬೀಳುವವು.

ಭಿನ್ನರಾಶಿಯು ಬಂದಾಗ ಮಾತ್ರ ಸ್ವಲ್ಪ ನಿಲ್ಲಬೇಕು. ನಮ್ಮ ಊರಿನ ಹೆಸರನ್ನು ಹೇಳಿದರೆ ಪರಸ್ಥಳದವರು ಮಳಖೇಡವೆಂದು ಕೇಳಿಸಿಕೊಳ್ಳುವದುಂಟು. ಆ ಮಳಖೇಡವು ನಮ್ಮ ದಕ್ಷಿಣಕ್ಕೆ, ಸೇಡಂ ತಾಲೂಕಿನಲ್ಲಿ, ಕಾಗಿಣಾ ನದಿಯ ದಂಡೆಯ ಮೇಲಿದೆ. ಹಿಂದೆ ಮಾನ್ಯಖೇಟವೆಂಬ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ೮೫೦ರ ಸುಮಾರಿಗೆ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದನು. ೧೯೧೨ರಲ್ಲಿ ರಂಗಾಚಾರ್ಯರು ಅದನ್ನು ಇಂಗ್ಲಿಷ್ ಭಾಷಾಂತರದೊಡನೆ ಮದ್ರಾಸಿನಲ್ಲಿ ಪ್ರಕಟಿಸಿದರು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು. ಹೀಗಿರಲಾಗಿ ಬೀಜಗಣಿತವು ಪಟ್ಟಣದವರ ಇಂಗ್ಲಿಷ್ ವಿದ್ಯೆ, ನಮ್ಮ ಹಳ್ಳಿಯ ಹುಡುಗಿಗೆ ಹತ್ತುವದಲ್ಲ ಎಂಬ ಮಾತನ್ನು ಕೇಳಿದರೆ ನನಗೆ ನಗೆ ಬರುತ್ತದೆ.

ಮಹಾವೀರನ ಗ್ರಂಥದಲ್ಲಿ ಹೂವು, ಹಣ್ಣು, ಪ್ರಾಣಿಗಳ ಹಿಂಡು ಮುಂತಾದವುಗಳಲ್ಲಿ ಇಷ್ಟು ಪಾಲು ಹೋಗಿ ಇಷ್ಟು ಉಳಿಯಿತು, ಒಟ್ಟು ಎಷ್ಟು ಎಂದು ಕೇಳುವ ಲೆಕ್ಕಗಳು ಬಹಳವಿವೆ. ಭಾಸ್ಕರನ ‘ಲೀಲಾವತಿ’ಯಲ್ಲಿರುವ ಇದೇ ಜಾತಿಯ ಒಂದನ್ನು ನನ್ನ ಮಾತಿನಲ್ಲಿ ಹೇಳುವೆನು. ದುಂಬಿಗಳ ಒಂದು ಹಿಂಡಿನ ಐದನೆಯ ಒಂದು ಪಾಲು ಒಂದು ಹೂವಿಗೆ ಹೋಯಿತು; ಮೂರನೆಯ ಒಂದು ಪಾಲು ಇನ್ನೊಂದಕ್ಕೆ; ಈ ಎರಡು ಪಾಲುಗಳ ಅಂತರದ ಮೂರು ಪಟ್ಟು ಮತ್ತೊಂದಕ್ಕೆ; ಒಂದೇ ಒಂದು ದುಂಬಿಯು ಗಾಳಿಯಲ್ಲಿ ಸುಳಿಯುತ್ತಾ ಉಳಿಯಿತು. ಹಿಂಡು ಎಷ್ಟು?

ಯಾ/೫ + ಯಾ/೩ + ೩(ಯಾ/೩ − ಯಾ/೫) + ೧ = ಯಾ

ಎಲ್ಲವನ್ನೂ ಹದಿನೈದರಿಂದ ಗುಣಿಸಿದರೆ ೩ಯಾ + ೫ಯಾ + ೬ಯಾ + ೧೫ = ೧೫ಯಾ ಆಗಿ, ಯಾ = ೧೫ ಬರುವದು. ಇಲ್ಲಿ ಹುಡುಗಿಯರು ಭಿನ್ನಗಳನ್ನು ಗುಣಿಸಿ, ಒಂಟಿಯಾಗಿ ನಿಂತ ಒಂದನ್ನು ಗುಣಿಸಲು ಮರೆಯುವರು. ಆಗ ಯಾ = ೧ ಎಂದಾಗುವದು. ಬೈಯಬೇಡಿರಿ. ‘ಹಾಗಾದರೆ ಹಿಂಡಿನಲ್ಲಿ ಒಂದೇ ದುಂಬಿ, ಅದರ ಐದನೆಯ ಒಂದು ಪಾಲು ಹೂವಿನ ಮೇಲೆ ಹೇಗೆ ಕುಳಿತಿತು?’ ಎಂದಷ್ಟೇ ಕೇಳಿರಿ. ಅವಳೇ ನಕ್ಕು ಅಳಿಸುವಳು.

ಅದಲ್ಲದೆ ಈ ಲೆಕ್ಕಕ್ಕೆ ನಮ್ಮ ಪೂರ್ವಿಕರು ಇಷ್ಟಕರ್ಮವೆಂಬ ಇನ್ನೊಂದು ದಾರಿಯನ್ನು ತೋರಿಸಿದ್ದಾರೆ: ಮನಸ್ಸಿಗೆ ಬಂದ ಒಂದು ಸಂಖ್ಯೆಯನ್ನು ಹಿಡಿದು ನೋಡುವದು. ಹಿಂಡು ಮೂವತ್ತು ಎನ್ನೋಣ. ಆರು, ಹತ್ತು, ಹನ್ನೆರಡು ಹೋದವು, ಎರಡು ಉಳಿದವು. ನಮಗೆ ಉಳಿಯಬೇಕಾದದ್ದು ಒಂದು. ಆದಕಾರಣ ಮೂವತ್ತರ ಅರ್ಧ, ಹದಿನೈದು. ಊಹಿಸಿ ನೋಡುವದು ಮೋಸವೆಂದು ಕೆಲವು ಶಿಕ್ಷಕರು ಮಕ್ಕಳ ಕೈಯನ್ನು ಹಿಡಿಯುವದುಂಟು. ಇದು ನನಗೆ ಸಮ್ಮತವಲ್ಲ. ಊಹಿಸಿ ನೋಡಿದ ಹುಡುಗಿಗೆ ಲೆಕ್ಕವು ಏನು ಕೇಳುತ್ತಿದೆ ಎಂಬದು ತಿಳಿದಿದೆ. ಮೌನವಾಗಿ ಹಲಗೆಯನ್ನು ನಕಲುಮಾಡಿದವಳಿಗೆ ಅದೂ ತಿಳಿದಿಲ್ಲ. ಎಲ್ಲ ಲೆಕ್ಕಗಳಿಗೂ ಊಹೆಯು ಸಾಲದೆಂಬದು ದೊಡ್ಡ ಸಂಖ್ಯೆಗಳು ಬಂದಾಗ ಅವಳಿಗೇ ತಿಳಿಯುವದು, ಮತ್ತು ಆಗ ನಿಯಮವನ್ನು ತಾನೇ ಬೇಡುವಳು.

ವಾಕ್ಯರೂಪದ ಲೆಕ್ಕಗಳಲ್ಲಿ ತೊಡಕು ಬಹುಮಟ್ಟಿಗೆ ಭಾಷೆಯದು. ನಮ್ಮ ತರಗತಿಗಳಲ್ಲಿ ಮನೆಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು, ಲಂಬಾಣಿ ಆಡುವ ಹುಡುಗಿಯರು ಒಂದೇ ಬೆಂಚಿನ ಮೇಲೆ ಕುಳಿತಿರುತ್ತಾರೆ. ಪುಸ್ತಕದ ಗ್ರಾಂಥಿಕ ಕನ್ನಡವು ಅವರೆಲ್ಲರಿಗೂ ಎರಡನೆಯ ಭಾಷೆಯೇ ಸರಿ. ‘ಒಂದು ಸಂಖ್ಯೆಯ ಮೂರರಷ್ಟಕ್ಕಿಂತ ೫ ಕಡಿಮೆ’ ಎಂಬದನ್ನು ಬರೆಯೆಂದರೆ ಕೆಲವರು ೫ − ೩ಯಾ ಎಂದು ಬರೆಯುವರು. ‘ಕಡಿಮೆ’ ಎಂಬ ಮಾತಿನ ಹತ್ತಿರ ಐದು ಕಂಡದ್ದರಿಂದ ಅದನ್ನೇ ಹಿಡಿದುಕೊಂಡರು. ಇಂಥ ಲೆಕ್ಕವನ್ನು ಮೊದಲು ಮನೆಯ ಮಾತಿನಲ್ಲಿ ಕಥೆಯಾಗಿ ಹೇಳಿಸಬೇಕು, ಯಾ ಬದಲಿಗೆ ಹತ್ತನ್ನು ಇಟ್ಟು ಒಂದು ಸಾರಿ ಮಾಡಿಸಬೇಕು: ಹತ್ತರ ಮೂರರಷ್ಟು ಮೂವತ್ತು, ಅದಕ್ಕಿಂತ ಐದು ಕಡಿಮೆ ಇಪ್ಪತ್ತೈದು. ಹಾಗಾದರೆ ಹೇಗೆ ಬಂತು? ೩೦ − ೫. ಈಗ ಹತ್ತನ್ನು ತೆಗೆದು ಯಾ ಇಟ್ಟರೆ ೩ಯಾ − ೫ ತಾನಾಗಿಯೇ ನಿಲ್ಲುವದು.

ಮೇಲೆ ಹೇಳಿದ ಎಲ್ಲಕ್ಕಿಂತ ಹೆಚ್ಚಾಗಿ ನಾನು ನಂಬಿರುವದು ತಾಳೆ ನೋಡುವದನ್ನು. ಉತ್ತರ ಬಂದ ಮೇಲೆ ಅದನ್ನು ಮೊದಲಿನ ಸಾಲಿನಲ್ಲಿ ಇಟ್ಟು ಎರಡೂ ಕಡೆಗಳು ಒಂದಾಗುವವೋ ಎಂದು ನೋಡುವದು ಅರ್ಧ ನಿಮಿಷದ ಕೆಲಸ. ನಾನು ಮೊದಲು ಹೇಳಿದ ಹುಡುಗಿಯು ಪ್ರತಿ ಸಾಲನ್ನು ಬರೆದ ಮೇಲೂ ತಲೆಯೆತ್ತಿ ಶಿಕ್ಷಕಿಯ ಮುಖವನ್ನು ನೋಡುತ್ತಿದ್ದಳು. ಹುಬ್ಬು ಗಂಟಿಕ್ಕಿದರೆ ಅಳಿಸುವಳು, ಇಲ್ಲದಿದ್ದರೆ ಮುಂದುವರಿಯುವಳು. ಉತ್ತರದ ಸತ್ಯವು ತನ್ನ ಕಾಗದದಲ್ಲಿಯೇ ಇದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ತಾಳೆ ನೋಡಲು ಕಲಿತ ಮೇಲೆ ಒಂದು ದಿನ ಹಲಗೆಯ ಮೇಲಿನ ಉತ್ತರವು ತನ್ನದಕ್ಕೆ ಹೊಂದದಿದ್ದಾಗ ಅವಳು ಎದ್ದು ನಿಂತು, “ಟೀಚರ್, ನಂದು ತಾಳೆ ಆಗ್ತದ್ರಿ, ಹಲಿಗಿ ಮ್ಯಾಲಿಂದು ಆಗಂಗಿಲ್ರಿ” ಎಂದಳು. ಹಲಗೆಯಲ್ಲಿ ನಕಲು ಮಾಡುವಾಗ ಒಂದು ಗೀಟು ಬಿಟ್ಟುಹೋಗಿತ್ತು. ವರ್ಷವೆಲ್ಲಾ ಬಾಯಿ ತೆರೆಯದಿದ್ದ ಹುಡುಗಿಯು ಅಂದು ತರಗತಿಯ ಮುಂದೆ ನಿಂತು ಮಾತಾಡಿದಳು, ಮತ್ತು ಅವಳು ಹೇಳಿದ್ದು ಸರಿಯಾಗಿತ್ತು. ಅವಳು ಹತ್ತನೆಯ ತರಗತಿಯನ್ನು ತಲುಪಿ ಪರೀಕ್ಷೆಗೆ ಕುಳಿತಳು. ಗಣಿತದಲ್ಲಿ ಹೆಚ್ಚಿನ ಅಂಕಗಳೇನೂ ಬರಲಿಲ್ಲ, ಆದರೆ ಉತ್ತೀರ್ಣಳಾದಳು.

ಆದಕಾರಣ ತಾಯಂದಿರಲ್ಲಿ ನನ್ನ ವಿಜ್ಞಾಪನೆಯೇನೆಂದರೆ, ನಿಮಗೆ ಬೀಜಗಣಿತವು ಬಾರದಿದ್ದರೂ ದಿನಕ್ಕೆ ಹತ್ತು ನಿಮಿಷ ಮಗಳ ಪಕ್ಕದಲ್ಲಿ ಕುಳಿತು ‘ತಾಳೆ ನೋಡಿದಿ ಏನವ್ವಾ?’ ಎಂದು ಕೇಳಿರಿ. ಈ ಪ್ರಶ್ನೆಗೆ ಓದು ಬೇಕಾಗಿಲ್ಲ. ‘ಇಷ್ಟೂ ಬರುವದಿಲ್ಲವೇ’ ಎಂಬ ಮಾತನ್ನೂ ಅಕ್ಕನೊಡನೆ ತಂಗಿಯನ್ನು ಹೋಲಿಸುವದನ್ನೂ ಆ ಹತ್ತು ನಿಮಿಷಗಳ ಮಟ್ಟಿಗಾದರೂ ಬಿಡಿರಿ. ಒಂದು ದಿನಕ್ಕೆ ಮೂರು ಲೆಕ್ಕಗಳು ಸಾಕು. ಇಪ್ಪತ್ತು ಲೆಕ್ಕಗಳನ್ನು ಅಳುತ್ತಾ ಮಾಡುವದರಿಂದ ಪ್ರಯೋಜನವಿಲ್ಲ.

ಮನೆಯಲ್ಲಿ ಮಾಡಿ ನೋಡಲು ನಾಲ್ಕು ಲೆಕ್ಕಗಳನ್ನು ಕೊಟ್ಟಿದ್ದೇನೆ. ತಾಯಿಯ ವಯಸ್ಸು ಮಗಳ ವಯಸ್ಸಿನ ಮೂರರಷ್ಟಿದೆ; ಹನ್ನೆರಡು ವರ್ಷಗಳ ಮೇಲೆ ಎರಡರಷ್ಟಾಗುವದು; ಮಗಳಿಗೆ ಈಗ ಎಷ್ಟು ವಯಸ್ಸು? ಎರಡನೆಯದು: ಹುಮನಾಬಾದಿನ ನಿಲ್ದಾಣದಲ್ಲಿ ಬಸ್ಸಿನೊಳಗಿದ್ದ ಜನರಲ್ಲಿ ಅರ್ಧ ಮಂದಿ ಇಳಿದು ಎಂಟು ಮಂದಿ ಹತ್ತಿದರು, ಈಗ ಮೂವತ್ತು ಮಂದಿ ಇದ್ದಾರೆ, ಮೊದಲು ಎಷ್ಟಿದ್ದರು? ಮೂರನೆಯದು ಭಾಸ್ಕರನ ಕುದುರೆಗಳ ಮೊಮ್ಮಗು: ಅಕ್ಕನಲ್ಲಿ ಏಳು ಕೋಳಿಗಳೂ ೨೦೦ ರೂಪಾಯಿಯ ಸಾಲವೂ ಇವೆ, ತಂಗಿಯಲ್ಲಿ ಮೂರು ಕೋಳಿಗಳೂ ೧೦೦೦ ರೂಪಾಯಿಯೂ ಇವೆ, ಇಬ್ಬರ ಬದುಕೂ ಸಮ, ಕೋಳಿಗೆ ಎಷ್ಟು ಬೆಲೆ? ನಾಲ್ಕನೆಯದು: ಅಕ್ಕನು ತಂಗಿಗಿಂತ ಮೂರು ವರ್ಷ ದೊಡ್ಡವಳು, ಐದು ವರ್ಷಗಳ ಮೇಲೆ ನಾಲ್ಕು ವರ್ಷ ದೊಡ್ಡವಳಾಗುವಳು, ತಂಗಿಗೆ ಈಗ ಎಷ್ಟು ವಯಸ್ಸು? ಉತ್ತರಗಳನ್ನು ಅಚ್ಚುಮಾಡಿಸಿಲ್ಲ, ತಾಳೆ ನೋಡಿದರೆ ಸಾಕು. ನಾಲ್ಕನೆಯದರಲ್ಲಿ ಯಾ ಎರಡೂ ತಟ್ಟೆಗಳಿಂದ ಒಮ್ಮೆಗೇ ಇಳಿದುಹೋಗುವದು. ಆಮೇಲೆ ತಟ್ಟೆಗಳಲ್ಲಿ ಏನು ಉಳಿಯಿತು, ಅದರ ಅರ್ಥವೇನು ಎಂಬದನ್ನು ಮಗಳಿಂದಲೇ ಕೇಳಿ ತಿಳಿದುಕೊಳ್ಳಿರಿ.